ಜನ ಕಡಿಮೆ ಇರುವ ಜಾಗದ ಲೆಕ್ಕ

ಅಂಗೈಯಿಂದ ಮುಚ್ಚಬಹುದಾದಷ್ಟು ಕಿರಿದಾದ ವೀಕ್ಷಣಾ ಬಾವಿಗೆ ಬೈಲರ್ ಎಂಬ ಪಾರದರ್ಶಕ ಕೊಳವೆಯನ್ನು ಹಗ್ಗ ಕಟ್ಟಿ ಇಳಿಸಿ, ಅದು ತುಂಬಿದ ಮೇಲೆ ನಿಧಾನವಾಗಿ ಎತ್ತಿ, ಬೆಳಕಿಗೆ ಹಿಡಿದು ನೋಡುವುದು ಅಂತರ್ಜಲದ ಮಾದರಿ ತೆಗೆಯುವವರ ಮೊದಲ ಕೆಲಸ. ನಾನು ಕೆಲವು ವರ್ಷ ಈ ಕೆಲಸ ಮಾಡಿದ್ದೇನೆ. ಹೊಲಗಳ ನಡುವೆ ಇದ್ದ ಒಂದು ಇಂಧನ ಸಂಗ್ರಹಣಾ ಟರ್ಮಿನಲ್‌ನ ಬೇಲಿಯ ಆಚೆ, ಒಂದು ಬೆಳಿಗ್ಗೆ ಹೀಗೆ ಎತ್ತಿದ ಕೊಳವೆಯಲ್ಲಿ ಎರಡು ಪದರಗಳು ಕಂಡವು: ಕೆಳಗೆ ತಿಳಿನೀರು, ಅದರ ಮೇಲೆ ಎರಡು ಬೆರಳಿನಷ್ಟು ದಪ್ಪಕ್ಕೆ ನಿಂತ ಹಳದಿ ಡೀಸೆಲ್. ಅಲ್ಲಿ ಎಂದೂ ಬೆಂಕಿ ಬಿದ್ದಿರಲಿಲ್ಲ, ಯಾವ ಟ್ಯಾಂಕೂ ಉಕ್ಕಿ ಹರಿದಿರಲಿಲ್ಲ, ದಾಖಲೆ ಪುಸ್ತಕದಲ್ಲಿ ಒಂದು ಸೋರಿಕೆಯೂ ನಮೂದಾಗಿರಲಿಲ್ಲ. ಆ ಜಾಗವನ್ನು ಆರಿಸಿದ್ದಕ್ಕೆ ಕೊಟ್ಟ ಕಾರಣವನ್ನು ಹಳೆಯ ವರದಿಯೊಂದರಲ್ಲಿ ನಾನು ಓದಿದ್ದೆ: ಸುತ್ತ ಜನವಸತಿ ಕಡಿಮೆ, ಆದ್ದರಿಂದ ಅಪಾಯವೂ ಕಡಿಮೆ.

ಈ ವಾಕ್ಯವನ್ನು ಬೇರೆ ಬೇರೆ ರೂಪಗಳಲ್ಲಿ ಅನೇಕ ಸಲ ಕೇಳಿದ್ದೇನೆ. ಅದು ಪೂರ್ತಿ ಸುಳ್ಳಲ್ಲ ಎಂಬುದೇ ಅದರ ತೊಂದರೆ. ಬೆಂಕಿಯ ಲೆಕ್ಕದಲ್ಲಿ ಅದು ಸರಿ. ನೀರಿನ ಲೆಕ್ಕದಲ್ಲಿ ಅದು ತಲೆಕೆಳಗು. ಗ್ರಾಮೀಣ ಟರ್ಮಿನಲ್‌ಗಳ ಬಗ್ಗೆ ನಡೆಯುವ ಚರ್ಚೆಯೆಲ್ಲ ಮೊದಲನೆಯ ಲೆಕ್ಕವನ್ನು ಹಿಡಿದೇ ನಡೆಯುವುದರಿಂದ, ಎರಡನೆಯದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯಬೇಕೆನಿಸಿತು.

ಟರ್ಮಿನಲ್ ಎಂದರೆ ಇಂಧನವನ್ನು ತಯಾರಿಸುವ ಜಾಗವಲ್ಲ, ಅದು ತಂಗಿ ಹೋಗುವ ಜಾಗ. ಪೈಪ್‌ಲೈನ್, ರೈಲು ವ್ಯಾಗನ್ ಅಥವಾ ಹಡಗಿನ ಮೂಲಕ ಬಂದ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆಗಳನ್ನು ದೊಡ್ಡ ಉಕ್ಕಿನ ಟ್ಯಾಂಕುಗಳಲ್ಲಿ ತುಂಬಿಟ್ಟು, ಅಲ್ಲಿಂದ ಗ್ಯಾಂಟ್ರಿ ಎಂಬ ತುಂಬುವ ಕಟ್ಟೆಯ ಕೆಳಗೆ ಸಾಲಾಗಿ ನಿಲ್ಲುವ ಟ್ಯಾಂಕರ್ ಲಾರಿಗಳಿಗೆ ಅಳೆದು ಸುರಿಯುತ್ತಾರೆ. ಸುಲಭವಾಗಿ ಆವಿಯಾಗದ ಡೀಸೆಲ್‌ಗೆ ಸ್ಥಿರ ಚಾವಣಿಯ ಟ್ಯಾಂಕ್ ಸಾಕು. ಪೆಟ್ರೋಲ್‌ಗೆ ದ್ರವದ ಮೇಲೆಯೇ ತೇಲುತ್ತ ಅದರ ಜೊತೆ ಏರಿಳಿಯುವ ಚಾವಣಿ ಬೇಕು. ಟ್ಯಾಂಕುಗಳ ಸುತ್ತ ಡೈಕ್ ಎಂಬ ತಡೆಗೋಡೆ ಇರುತ್ತದೆ. ಅದರೊಳಗಿನ ಅತಿದೊಡ್ಡ ಟ್ಯಾಂಕಿನ ಪ್ರಮಾಣಕ್ಕಿಂತ ಶೇ 10ರಷ್ಟು ಹೆಚ್ಚು ದ್ರವವನ್ನು ಅದು ಹಿಡಿದಿಡಬೇಕು ಎಂಬುದು ಬಹಳ ದೇಶಗಳಲ್ಲಿ ಬಳಕೆಯಲ್ಲಿರುವ ಅಳತೆ. ಯಂತ್ರಗಳ ಸದ್ದು ಕಡಿಮೆ, ಹೊಗೆ ಇಲ್ಲ, ನೌಕರರು ಬೆರಳೆಣಿಕೆ. ದೂರದಿಂದ ನೋಡಿದವರಿಗೆ ಅಲ್ಲಿ ಏನೂ ನಡೆಯುತ್ತಿಲ್ಲವೆಂದೇ ತೋರುತ್ತದೆ.

ಮೊದಲು ಬೆಂಕಿಯ ಮಾತನ್ನೇ ಆಡೋಣ, ಏಕೆಂದರೆ ದೂರ ಎಂಬ ವಾದಕ್ಕೆ ಅಲ್ಲಿ ನಿಜವಾದ ಬಲವಿದೆ. ಇಂಗ್ಲೆಂಡಿನ ಬನ್ಸ್‌ಫೀಲ್ಡ್ ಡಿಪೋದಲ್ಲಿ 2005ರ ಡಿಸೆಂಬರ್ 11ರ ಭಾನುವಾರ ನಸುಕಿನಲ್ಲಿ 912ನೇ ನಂಬರಿನ ಟ್ಯಾಂಕಿಗೆ ಪೆಟ್ರೋಲ್ ಹರಿದುಬರುತ್ತಿತ್ತು. ಮಟ್ಟ ತೋರಿಸುವ ಗೇಜ್ 3 ಗಂಟೆ ದಾಟುತ್ತಿದ್ದಂತೆ ಒಂದೇ ಅಂಕಿಯಲ್ಲಿ ನಿಂತುಬಿಟ್ಟಿತು. ಟ್ಯಾಂಕ್ ಮಾತ್ರ ತುಂಬುತ್ತಲೇ ಇತ್ತು. ಅದೇ ಗೇಜ್ ಅದಕ್ಕೆ ಹಿಂದಿನ ಮೂರೂವರೆ ತಿಂಗಳಲ್ಲಿ 14 ಬಾರಿ ಹೀಗೆಯೇ ಸಿಕ್ಕಿಕೊಂಡಿತ್ತು. ಮಟ್ಟ ಮಿತಿ ಮೀರಿದಾಗ ತಾನಾಗಿಯೇ ಹರಿವನ್ನು ನಿಲ್ಲಿಸಬೇಕಿದ್ದ ಪ್ರತ್ಯೇಕ ಸ್ವಿಚ್ ಒಂದು ಇತ್ತು, ಆದರೆ ಅದರ ಪರೀಕ್ಷಾ ಸನ್ನೆಯನ್ನು ಸರಿಯಾದ ಸ್ಥಾನದಲ್ಲಿ ಹಿಡಿದಿಡುವ ಬೀಗವನ್ನೇ ಹಾಕಿರಲಿಲ್ಲ. 2,50,000 ಲೀಟರಿಗೂ ಹೆಚ್ಚು ಪೆಟ್ರೋಲ್ ಟ್ಯಾಂಕಿನ ತಲೆಯಿಂದ ಜಲಪಾತದಂತೆ ಸುರಿದು, ಗಾಳಿಯಿಲ್ಲದ ಚಳಿಯಲ್ಲಿ ನೆಲಕ್ಕಂಟಿದ ಬಿಳಿ ಮಂಜಿನಂತೆ ಹರಡಿ, 6 ಗಂಟೆ 1 ನಿಮಿಷಕ್ಕೆ ಸ್ಫೋಟಿಸಿತು. ಬೆಂಕಿ ಐದು ದಿನ ಉರಿಯಿತು. ಭಾನುವಾರವಾದ್ದರಿಂದ ಪಕ್ಕದ ಕಚೇರಿಗಳು ಖಾಲಿ ಇದ್ದವು. 43 ಮಂದಿ ಗಾಯಗೊಂಡರೂ ಒಬ್ಬರೂ ಸಾಯಲಿಲ್ಲ.

ನಾಲ್ಕು ವರ್ಷಗಳ ನಂತರ ಇಂಥವೇ ಎರಡು ಅವಘಡಗಳು ಒಂದೇ ವಾರದಲ್ಲಿ ನಡೆದವು. 2009ರ ಅಕ್ಟೋಬರ್ 23ರಂದು ಪೋರ್ಟೊ ರಿಕೊದ ಬಯಮೋನ್‌ನಲ್ಲಿ ಹಡಗಿನಿಂದ ಪೆಟ್ರೋಲ್ ಇಳಿಸಿಕೊಳ್ಳುತ್ತಿದ್ದ ಟ್ಯಾಂಕ್ ಮಧ್ಯರಾತ್ರಿಯ ನಂತರ ಉಕ್ಕಿ ಹರಿಯಿತು. ಅಲ್ಲಿಯೂ ಮಟ್ಟ ತೋರಿಸುವ ವ್ಯವಸ್ಥೆ ಕೆಟ್ಟಿತ್ತು, ನೌಕರರು ಟ್ಯಾಂಕ್ ಎಷ್ಟು ಹೊತ್ತಿಗೆ ತುಂಬಬಹುದೆಂದು ಕೈಲೆಕ್ಕ ಹಾಕಿ ಕಾಯುತ್ತಿದ್ದರು. ಅಕ್ಟೋಬರ್ 29ರ ಸಂಜೆ ಜೈಪುರದ ಸೀತಾಪುರದ ಟರ್ಮಿನಲ್‌ನಲ್ಲಿ, ಪೆಟ್ರೋಲನ್ನು ಪೈಪ್‌ಲೈನ್ ಮೂಲಕ ಬೇರೆಡೆಗೆ ಕಳುಹಿಸುವ ಸಿದ್ಧತೆ ನಡೆಯುತ್ತಿದ್ದಾಗ, ಕೊಳವೆಯನ್ನು ಮುಚ್ಚಿ ತೆರೆಯುವ ಹ್ಯಾಮರ್ ಬ್ಲೈಂಡ್ ವಾಲ್ವ್‌ನ ಬಾಯಿ ತೆರೆದುಕೊಂಡು ಪೆಟ್ರೋಲ್ ಚಿಮ್ಮಿತು. ಸುಮಾರು 75 ನಿಮಿಷ ಯಾರಿಂದಲೂ ಅದನ್ನು ನಿಲ್ಲಿಸಲಾಗಲಿಲ್ಲ. ಸ್ಫೋಟದ ನಂತರ ಬೆಂಕಿ 11 ದಿನ ಉರಿಯಿತು. ಪ್ರಾಣ ಕಳೆದುಕೊಂಡವರಲ್ಲಿ ಟರ್ಮಿನಲ್‌ನ ನೌಕರರಷ್ಟೇ ಅಲ್ಲದೆ ಹೊರಗಿನವರೂ ಇದ್ದರು.

ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರಿ ಚದುರುವುದಿಲ್ಲ. ನೀರಿನ ಹಾಗೆ ತಗ್ಗು ಹುಡುಕಿಕೊಂಡು, ಚರಂಡಿ ಹಿಡಿದು, ರಸ್ತೆ ಬದಿಯ ಹಳ್ಳದಲ್ಲಿ ಹರಿದು ಹೋಗುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ 1.4 ಮುಟ್ಟಿದರೆ ಒಂದು ಕಿಡಿ ಸಾಕು. ಮೇಲಿನ ಮೂರು ಘಟನೆಗಳೂ ಗಾಳಿ ಬಹುತೇಕ ನಿಂತಿದ್ದ ಹೊತ್ತಿನಲ್ಲಿ ನಡೆದವು ಎಂಬುದು ಕಾಕತಾಳೀಯವಲ್ಲ. ಇಂಥ ಜಾಗ ಜನದಟ್ಟಣೆಯಿಂದ ದೂರವಿರಲಿ ಎಂದು ಯಾರಾದರೂ ಹೇಳಿದರೆ ನಾನು ವಿರೋಧಿಸಲಾರೆ. ಆದರೆ ದೂರದ ಬೆಲೆಯನ್ನೂ ಅದೇ ಉಸಿರಿನಲ್ಲಿ ಹೇಳಬೇಕು: ಬೆಂಕಿ ಆರಿಸುವವರು ಬರುವ ದಾರಿಯೂ ಅಷ್ಟೇ ದೂರವಾಗುತ್ತದೆ, ಮತ್ತು ಅಂಥ ಬೆಂಕಿಗೆ ಬೇಕಾಗುವ ನೊರೆದ್ರವದ ಸಂಗ್ರಹ ಸಣ್ಣ ಅಗ್ನಿಶಾಮಕ ಠಾಣೆಗಳಲ್ಲಿ ಇರುವುದಿಲ್ಲ.

ಬನ್ಸ್‌ಫೀಲ್ಡ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹೊಗೆಯ ಚಿತ್ರದಲ್ಲಿಯೇ ನಿಲ್ಲುತ್ತಾರೆ. ನನ್ನ ಕಸುಬಿನವರು ನೋಡಿದ್ದು ಅದರ ನಂತರದ್ದನ್ನು. ಬೆಂಕಿ ಆರಿಸಲು ಸುರಿದ ನೀರು, ನೊರೆ ಮತ್ತು ಉಳಿದ ಇಂಧನ ಎಲ್ಲವೂ ಡೈಕ್ ಗೋಡೆಗಳ ಒಳಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಕಾಂಕ್ರೀಟಿನ ಜೋಡಣೆಗಳಲ್ಲಿ ಮತ್ತು ಗೋಡೆಯನ್ನು ಕೊಳವೆಗಳು ಹಾದುಹೋಗುವ ಕಡೆಗಳಲ್ಲಿ ಬೆಂಕಿಯ ತಾಪಕ್ಕೆ ಬಿರುಕುಗಳು ಬಾಯಿಬಿಟ್ಟವು. ದ್ರವ ಅಲ್ಲಿಂದ ನುಸುಳಿ ಕೆಳಗಿನ ಸುಣ್ಣಬಂಡೆಯ ಜಲಪದರಕ್ಕೆ ಇಳಿಯಿತು. ಸಮೀಪದ ಕುಡಿಯುವ ನೀರಿನ ಬಾವಿಯೊಂದನ್ನು ಮುಂಜಾಗ್ರತೆಗಾಗಿ ಮುಚ್ಚಬೇಕಾಯಿತು. ಇಂಧನದ ಜೊತೆ ನೆಲಕ್ಕಿಳಿದ ಇನ್ನೊಂದು ವಸ್ತು ನೊರೆಯಲ್ಲಿದ್ದ ಪಿಎಫ್‌ಒಎಸ್ ಎಂಬ ಫ್ಲೋರಿನ್ ಇರುವ ರಾಸಾಯನಿಕ. ಡೀಸೆಲ್ಲನ್ನಾದರೂ ಮಣ್ಣಿನ ಸೂಕ್ಷ್ಮಜೀವಿಗಳು ಕಾಲಕ್ರಮದಲ್ಲಿ ತಿಂದು ಮುಗಿಸುತ್ತವೆ, ಇದನ್ನು ಯಾವ ಜೀವಿಯೂ ಕರಗಿಸದು. 2009ರಲ್ಲಿ ಅದು, ಬೇಗ ನಾಶವಾಗದ ಮಾಲಿನ್ಯಕಾರಕಗಳ ಕುರಿತ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿರ್ಬಂಧಿತ ಪಟ್ಟಿ ಸೇರಿತು, ಆದರೆ ಅದೇ ಕುಟುಂಬದ ರಾಸಾಯನಿಕಗಳು ಇಂದಿಗೂ ಅನೇಕ ಟರ್ಮಿನಲ್‌ಗಳ ನೊರೆದ್ರವದ ಡ್ರಮ್ಮುಗಳಲ್ಲಿ ಇವೆ. ವರ್ಷಕ್ಕೊಮ್ಮೆ ಅಣಕು ಕಾರ್ಯಾಚರಣೆಯ ಹೆಸರಿನಲ್ಲಿ ಆ ನೊರೆಯನ್ನು ಬಯಲಿಗೆ ಹಾರಿಸಿ, ಎಲ್ಲರೂ ಚಪ್ಪಾಳೆ ತಟ್ಟಿ ಹೋಗುವುದನ್ನು ನಾನು ನೋಡಿದ್ದೇನೆ. ಬೆಂಕಿಯೇ ಬೀಳದ ಜಾಗದಲ್ಲಿ ಬೆಂಕಿಯ ನಂತರದ ಮಾಲಿನ್ಯ ಆಗುವುದು ಹೀಗೆ.

ಇನ್ನು ಸದ್ದಿಲ್ಲದ ಸೋರಿಕೆ. ಇದಕ್ಕೆ ಒಂದು ಸಣ್ಣ ಲೆಕ್ಕ ಬೇಕು. 30 ಮೀಟರ್ ವ್ಯಾಸದ ಟ್ಯಾಂಕಿನಲ್ಲಿ ಮಟ್ಟ ಒಂದು ಮಿಲಿಮೀಟರ್ ಇಳಿಯಿತೆಂದರೆ ಹೋದ ಇಂಧನ ಸುಮಾರು 707 ಲೀಟರ್. ಅದೇ ಟ್ಯಾಂಕಿನಲ್ಲಿ 10 ಮೀಟರ್ ಎತ್ತರಕ್ಕೆ ಡೀಸೆಲ್ ಇದ್ದು, ಅದರ ಉಷ್ಣತೆ ಒಂದೇ ಒಂದು ಡಿಗ್ರಿ ಬದಲಾದರೆ ಅದರ ಗಾತ್ರ 5,000 ಲೀಟರಿಗೂ ಹೆಚ್ಚು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಇಷ್ಟು ಹಿಗ್ಗುವ ಕುಗ್ಗುವ ದ್ರವದ ಅಡಿಯಲ್ಲಿ, ತಳದ ಹಾಳೆಯಲ್ಲಿ ತುಕ್ಕು ಕೊರೆದ ಒಂದು ಸೂಜಿರಂಧ್ರದಿಂದ ಸೆಕೆಂಡಿಗೆ ಒಂದು ಹನಿಯಂತೆ ಸೋರುತ್ತಿದ್ದರೆ ಅದು ದಿನಕ್ಕೆ ನಾಲ್ಕು ಲೀಟರ್, ವರ್ಷಕ್ಕೆ ಸುಮಾರು 1,500 ಲೀಟರ್. ಇಡೀ ವರ್ಷದ ಸೋರಿಕೆ ಗೇಜಿನಲ್ಲಿ ಎರಡು ಮಿಲಿಮೀಟರ್. ದಿನವೂ ಲಕ್ಷಾಂತರ ಲೀಟರ್ ಬಂದು ಹೋಗುವ ಲೆಕ್ಕಪತ್ರದಲ್ಲಿ ಅದು ಅಳತೆಯ ವ್ಯತ್ಯಾಸವೆಂಬ ಹೆಸರಿನಲ್ಲಿ ಮುಚ್ಚಿಹೋಗುತ್ತದೆ. ಯಾರೂ ಸುಳ್ಳು ಬರೆಯುತ್ತಿಲ್ಲ. ಆ ಸಾಧನ ಕಾಣಬಲ್ಲದ್ದಕ್ಕಿಂತ ಸೋರಿಕೆ ಚಿಕ್ಕದು, ಅಷ್ಟೆ.

ಟ್ಯಾಂಕಿನ ತಳವೇ ತುಕ್ಕಿಗೆ ಹೆಚ್ಚು ತುತ್ತಾಗುವ ಭಾಗ, ಮತ್ತು ಅದೇ ಯಾರ ಕಣ್ಣಿಗೂ ಬೀಳದ ಭಾಗ. ಇಂಧನದ ಜೊತೆ ಬಂದ ನೀರು ಭಾರವಾದ್ದರಿಂದ ತಳದಲ್ಲಿ ಕೂರುತ್ತದೆ, ಒಳಗಿನಿಂದ ತಿನ್ನುತ್ತದೆ; ಅಡಿಪಾಯದ ತೇವ ಹೊರಗಿನಿಂದ ತಿನ್ನುತ್ತದೆ. ತಳವನ್ನು ಪರೀಕ್ಷಿಸಬೇಕೆಂದರೆ ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ಆವಿ ಹೊರಹಾಕಿ, ಕೆಸರು ತೆಗೆದು, ಒಳಗಿಳಿದು ಹಾಳೆಯ ದಪ್ಪ ಅಳೆಯಬೇಕು. ಇದು ವಾರಗಟ್ಟಲೆ ವ್ಯಾಪಾರ ನಿಲ್ಲಿಸುವ ಕೆಲಸವಾದ್ದರಿಂದ ವರ್ಷಗಳ ಅಂತರದಲ್ಲಿ ಬರುತ್ತದೆ, ಸಾಧ್ಯವಾದಾಗಲೆಲ್ಲ ಮುಂದೂಡಲ್ಪಡುತ್ತದೆ. ತಳಕ್ಕೆ ಎರಡು ಪದರ ಹಾಕಿ ಅವುಗಳ ನಡುವೆ ಸೋರಿದ್ದು ಹೊರಗೆ ಕಾಣುವಂತೆ ಮಾಡಿದ ಟ್ಯಾಂಕುಗಳಲ್ಲಿ ಈ ಕುರುಡುತನ ಇಲ್ಲ. ಹಳೆಯ ಟ್ಯಾಂಕುಗಳಲ್ಲಿ ಸಾಮಾನ್ಯವಾಗಿ ಆ ಎರಡನೆಯ ಪದರ ಇರುವುದಿಲ್ಲ.

ನೆಲಕ್ಕಿಳಿದ ಇಂಧನ ಮಣ್ಣಿನ ಕಣಗಳ ನಡುವೆ ಇಳಿಯುತ್ತ ಅಂತರ್ಜಲದ ಮಟ್ಟ ಮುಟ್ಟಿದಾಗ, ನೀರಿಗಿಂತ ಹಗುರವಾದ್ದರಿಂದ, ಅದರ ಮೇಲೆ ತೇಲುತ್ತದೆ. ನನ್ನ ಬೈಲರಿನಲ್ಲಿ ಕಂಡದ್ದು ಈ ತೇಲುವ ಪದರ. ಇಲ್ಲಿ ಮಾದರಿ ತೆಗೆಯುವವರೇ ಮೋಸಹೋಗುವ ಒಂದು ಸೂಕ್ಷ್ಮವಿದೆ. ಮಳೆಗಾಲದಲ್ಲಿ ಅಂತರ್ಜಲ ಏರಿದಾಗ ಈ ಇಂಧನದ ಬಹುಭಾಗ ಮಣ್ಣಿನ ರಂಧ್ರಗಳಲ್ಲಿ ನೀರಿನ ಅಡಿ ಸಿಕ್ಕಿಕೊಂಡು, ಬಾವಿಯಲ್ಲಿ ಪದರವೇ ಕಾಣದೆ ಹೋಗಬಹುದು. ಬೇಸಿಗೆಯಲ್ಲಿ ನೀರು ಇಳಿದಾಗ ಅದು ಬಿಡಿಸಿಕೊಂಡು ಮತ್ತೆ ಬಾವಿಗೆ ಬಂದು ಸೇರುತ್ತದೆ. ವರ್ಷಕ್ಕೊಂದೇ ಮಾದರಿ, ಅದೂ ಬಾವಿ ತುಂಬಿರುವಾಗ ತೆಗೆದದ್ದು, ಸತತವಾಗಿ ಹತ್ತು ವರ್ಷ ಸ್ವಚ್ಛವೆಂದೇ ಹೇಳಬಲ್ಲದು. ಇದಕ್ಕೆ ಎದುರಾಗಿ, ಪದರ ಕಣ್ಣಿಗೆ ಕಾಣದಿದ್ದರೂ ಕೆಲವು ಪರೋಕ್ಷ ಗುರುತುಗಳು ಉಳಿಯುತ್ತವೆ: ಸೂಕ್ಷ್ಮಜೀವಿಗಳು ಇಂಧನವನ್ನು ತಿನ್ನುವಾಗ ಆಮ್ಲಜನಕವನ್ನೂ ನೈಟ್ರೇಟನ್ನೂ ಬಳಸಿ ಮುಗಿಸುವುದರಿಂದ ನೀರಿನಲ್ಲಿ ಅವು ಕಡಿಮೆಯಾಗಿ, ಕರಗಿದ ಕಬ್ಬಿಣದ ಪ್ರಮಾಣ ಏರುತ್ತದೆ. ಅಕ್ಕಪಕ್ಕದ ಬಾವಿಗಳಲ್ಲಿ ಇಲ್ಲದ ಕಬ್ಬಿಣ ಒಂದರಲ್ಲಿ ಮಾತ್ರ ಇದ್ದರೆ ಅನುಭವಿಗಳು ಆ ಬಾವಿಗೆ ಅಂತರ್ಜಲ ಹರಿದುಬರುವ ದಿಕ್ಕಿನಲ್ಲಿ ಏನಿದೆ ಎಂದು ಕೇಳುತ್ತಾರೆ.

ತೇಲುವ ಪದರಕ್ಕಿಂತ ಅದರಿಂದ ನೀರಿಗೆ ಕರಗಿ ಮುಂದೆ ಸಾಗುವ ವಸ್ತುಗಳೇ ಹೆಚ್ಚು ದೂರ ಹೋಗುತ್ತವೆ, ಮತ್ತು ಅವುಗಳಲ್ಲಿ ಮುಖ್ಯವಾದದ್ದು ಪೆಟ್ರೋಲಿನಲ್ಲಿರುವ ಬೆಂಜೀನ್. ಅದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ದೃಢಪಟ್ಟ ವಸ್ತು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಶೇ 1ರಷ್ಟು ಬೆಂಜೀನ್ ಇರುವ ಒಂದು ಲೀಟರ್ ಪೆಟ್ರೋಲಿನಲ್ಲಿ ಅದರ ತೂಕ ಸುಮಾರು 8.8 ಗ್ರಾಂ, ಅಷ್ಟೂ ನೀರಿನಲ್ಲಿ ಕರಗಿತೆಂದು ಇಟ್ಟುಕೊಂಡರೆ 8,80,000 ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸಲು ಅದು ಸಾಕು. ನೆಲದೊಳಗೆ ಎಲ್ಲವೂ ಹೀಗೆ ಸಮನಾಗಿ ಬೆರೆಯುವುದಿಲ್ಲ ಎಂಬುದು ನಿಜ, ಆದರೆ ಪ್ರಮಾಣದ ಅಂದಾಜು ಇದರಿಂದ ಸಿಗುತ್ತದೆ. ನಾಲಿಗೆ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಬೆಂಜೀನ್ ನೀರಿನ ರುಚಿಯಲ್ಲಿ ಗೊತ್ತಾಗುವುದು ಲೀಟರಿಗೆ ಅರ್ಧ ಮಿಲಿಗ್ರಾಮಿನ ಆಸುಪಾಸಿನಿಂದ ಮೇಲೆ, ಅಂದರೆ ಮಿತಿಯ 50 ಪಟ್ಟು ಆದ ಮೇಲೆ. ನೀರು ಚೆನ್ನಾಗಿಯೇ ಇದೆ ಎಂದು ಕುಡಿದು ತೋರಿಸುವವರನ್ನು ಕಂಡಾಗ ನನಗೆ ಈ ಅಂಕಿ ನೆನಪಾಗುತ್ತದೆ.

ಜನ ಕಡಿಮೆ ಎಂಬ ಲೆಕ್ಕ ತಲೆಕೆಳಗಾಗುವುದು ಇಲ್ಲಿಯೇ. ನಗರದ ನೀರು ದೂರದ ಮೂಲದಿಂದ ಬಂದು, ಶುದ್ಧೀಕರಣ ಘಟಕದಲ್ಲಿ ನಿಂತು, ನಿಯಮಿತವಾಗಿ ಪರೀಕ್ಷೆಗೆ ಒಳಗಾಗಿ ನಲ್ಲಿಗೆ ತಲುಪುತ್ತದೆ; ಎಲ್ಲೋ ಒಂದು ಕಡೆ ಅದನ್ನು ಅಳೆಯುವ ಕೈ ಇರುತ್ತದೆ. ಬಿಡಿ ಮನೆಗಳು ಮತ್ತು ಹೊಲಗಳು ತಮ್ಮ ಕಾಲಡಿಯ ನೀರನ್ನೇ ನೇರವಾಗಿ ಎತ್ತಿ ಕುಡಿಯುತ್ತವೆ, ದನಗಳಿಗೆ ಕುಡಿಸುತ್ತವೆ, ಬೆಳೆಗೆ ಹಾಯಿಸುತ್ತವೆ. ಅದನ್ನು ಯಾರೂ ಪರೀಕ್ಷಿಸುವುದಿಲ್ಲ. ಇನ್ನೂ ಒಂದು ಮಾತಿದೆ: ನೀರಾವರಿಗಾಗಿ ಹಗಲಿರುಳು ಓಡುವ ಪಂಪ್ ತನ್ನ ಸುತ್ತಲಿನ ಅಂತರ್ಜಲವನ್ನು ತನ್ನೆಡೆಗೆ ಎಳೆದುಕೊಳ್ಳುವುದರಿಂದ, ನೆಲದ ಸಹಜ ಇಳಿಜಾರಿನ ಪ್ರಕಾರ ಬೇರೆ ಕಡೆಗೆ ಹೋಗಬೇಕಿದ್ದ ಮಾಲಿನ್ಯವೂ ಆ ಬಾವಿಯತ್ತ ತಿರುಗಬಹುದು. ಟರ್ಮಿನಲ್‌ನ ವರದಿಯಲ್ಲಿ ಬಾಣದ ಗುರುತು ಹಾಕಿ ತೋರಿಸಿದ ಅಂತರ್ಜಲದ ದಿಕ್ಕು, ಸುತ್ತ ನಾಲ್ಕು ಹೊಸ ಕೊಳವೆಬಾವಿಗಳು ಕೊರೆದ ಮರುವರ್ಷ ನಿಜವಾಗಿ ಉಳಿದಿರಬೇಕೆಂದಿಲ್ಲ. ಹವಾಯಿಯ ರೆಡ್ ಹಿಲ್‌ನಲ್ಲಿ ಜಲಪದರಕ್ಕಿಂತ ಕೇವಲ 30 ಮೀಟರ್ ಮೇಲೆ ನೆಲದೊಳಗೆ ಕಟ್ಟಿದ್ದ ಬೃಹತ್ ಟ್ಯಾಂಕುಗಳ ತಾಣದಿಂದ 2021ರ ನವೆಂಬರ್‌ನಲ್ಲಿ ಸೋರಿದ ಇಂಧನ ನೇರವಾಗಿ ಕುಡಿಯುವ ನೀರಿನ ಬಾವಿಗೇ ಸೇರಿ, ಸಾವಿರಾರು ಜನ ಅಸ್ವಸ್ಥರಾದರು. ಆ ತಾಣವನ್ನೇ ಮುಚ್ಚುವ ನಿರ್ಧಾರ ಮರುವರ್ಷ ಬಂತು. ಅಲ್ಲಿ ವಾಸನೆ ನಲ್ಲಿಯಲ್ಲೇ ಬಂದಿದ್ದರಿಂದ ವಿಷಯ ಬಯಲಾಯಿತು. ನಿಧಾನವಾಗಿ ಬರುವ ಬೆಂಜೀನ್ ಅಷ್ಟು ಮರ್ಯಾದೆ ತೋರಿಸುವುದಿಲ್ಲ.

ನೆಲದ ಮೇಲೆ ಹರಿಯುವ ಇಂಧನಕ್ಕೆ ಡೈಕ್ ಗೋಡೆಯೇ ಉತ್ತರವೆಂದು ಎಲ್ಲರೂ ಹೇಳುತ್ತಾರೆ. ಗೋಡೆ ತಡೆಯುವುದು ನಿಂತ ದ್ರವವನ್ನು, ಅಲೆಯನ್ನಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಫ್ಲೋರೆಫ್‌ನಲ್ಲಿ 1988ರ ಜನವರಿ 2ರಂದು, ಬೇರೆ ಊರಿನಲ್ಲಿ ಬಿಚ್ಚಿ ತಂದು ಮತ್ತೆ ಬೆಸೆದು ನಿಲ್ಲಿಸಿದ್ದ ನಲವತ್ತು ವರ್ಷ ಹಳೆಯ ಉಕ್ಕಿನ ಟ್ಯಾಂಕ್ ಚಳಿಯಲ್ಲಿ ಗಾಜಿನಂತೆ ಸೀಳಿತು. ಒಮ್ಮೆಲೇ ನುಗ್ಗಿದ ಒಂದು ಕೋಟಿ ಲೀಟರಿಗೂ ಹೆಚ್ಚು ಡೀಸೆಲ್‌ನಲ್ಲಿ ಒಂದು ಪಾಲು ಗೋಡೆಯನ್ನು ಹಾರಿ, ಪಕ್ಕದ ಜಾಗದ ಮಳೆನೀರಿನ ಚರಂಡಿಯೊಂದನ್ನು ಹಿಡಿದು ಮೊನಾಂಗಹೀಲಾ ನದಿಗೆ ಸೇರಿತು. ನದಿಯ ಕೆಳಭಾಗದ ಸುಮಾರು ಹತ್ತು ಲಕ್ಷ ಜನರ ನೀರು ಪೂರೈಕೆಗೆ ಧಕ್ಕೆಯಾಯಿತು. ರಷ್ಯಾದ ನೊರಿಲ್ಸ್ಕ್ ಬಳಿ 2020ರ ಮೇ 29ರಂದು ಅಡಿಪಾಯದ ಕಂಬಗಳು ಕುಸಿದು ಸುಮಾರು 20,000 ಟನ್ ಡೀಸೆಲ್ ಹೊರಬಿದ್ದಾಗ, ಅದರ ಬಹುಭಾಗ ಹೋಗಿ ಸೇರಿದ್ದು ಅಂಬರ್ನಾಯಾ ಮತ್ತು ದಾಲ್ದಿಕಾನ್ ನದಿಗಳಿಗೆ. ಟ್ಯಾಂಕಿನ ಸುತ್ತ ಜನ ಇದ್ದರೋ ಇಲ್ಲವೋ, ಹಳ್ಳ ಹರಿದು ಹೋಗುವ ಕಡೆ ಇದ್ದೇ ಇರುತ್ತಾರೆ.

ಗೋಡೆ ಗಟ್ಟಿಯಾಗಿದ್ದರೂ ಅದಕ್ಕೊಂದು ಬಾಯಿ ಇರುತ್ತದೆ. ಒಳಗೆ ನಿಂತ ಮಳೆನೀರನ್ನು ಹೊರಬಿಡಲು ಇಟ್ಟ ಡೈಕ್ ವಾಲ್ವ್ ಯಾವಾಗಲೂ ಮುಚ್ಚಿರಬೇಕು. ಮಳೆ ನಿಂತ ಮೇಲೆ ನೀರಿನಲ್ಲಿ ಎಣ್ಣೆಯ ಪೊರೆ ಇಲ್ಲವೆಂದು ನೋಡಿ, ತೆರೆದು, ಬರಿದಾಗುವ ತನಕ ಅಲ್ಲಿಯೇ ನಿಂತು, ಮತ್ತೆ ಮುಚ್ಚಬೇಕು. ಜೈಪುರದಲ್ಲಿ ಈ ವಾಲ್ವ್ ತೆರೆದಿತ್ತು. ಟ್ಯಾಂಕಿನ ಬುಡದಲ್ಲಿ ಉಳಿಯಬೇಕಿದ್ದ ಪೆಟ್ರೋಲ್ ಅಲ್ಲಿಂದ ಮಳೆಚರಂಡಿಗೆ ಇಳಿದು ಇಡೀ ಆವರಣಕ್ಕೆ ಹರಡಿತು. ನಾನು ಹೋಗಿದ್ದ ಒಂದು ಟರ್ಮಿನಲ್‌ನಲ್ಲಿಯೂ ಇಂಥ ವಾಲ್ವ್‌ನ ಚಕ್ರಕ್ಕೆ ಬಳ್ಳಿ ಸುತ್ತಿಕೊಂಡು ಬೆಳೆದಿತ್ತು. ತಿರುಗಿಸಲು ನೋಡಿದರೆ ಅದು ತೆರೆದ ಸ್ಥಿತಿಯಲ್ಲಿಯೇ ತುಕ್ಕು ಹಿಡಿದು ಕೂತಿತ್ತು. ಪರಿಶೀಲನಾ ಪಟ್ಟಿಯಲ್ಲಿ ಅದರ ಎದುರು ಪ್ರತಿದಿನವೂ ಮುಚ್ಚಿದೆ ಎಂಬ ಗುರುತು ಇತ್ತು, ಬಳ್ಳಿ ಹೂ ಬಿಡುವಷ್ಟು ಕಾಲದಿಂದ. ಬೃಹತ್ ದುರಂತಗಳ ತನಿಖಾ ವರದಿಗಳನ್ನು ಓದುವಾಗ ನನಗೆ ಕಾಣುವುದು ಇಂಥವೇ: ಹಾಕದ ಬೀಗ, ಹದಿನಾಲ್ಕು ಸಲ ಸಿಕ್ಕಿಕೊಂಡ ಗೇಜ್, ತೆರೆದಿಟ್ಟ ವಾಲ್ವ್.

ಟ್ಯಾಂಕರ್ ತುಂಬುವಾಗ ಹೊರಬೀಳುವ ಆವಿ, ಕಿರಿದಾದ ಹಳ್ಳಿ ರಸ್ತೆಗಳಲ್ಲಿ ಲಾರಿಗಳ ಸಾಲು, ಟ್ಯಾಂಕಿನ ತಳದಿಂದ ಬಸಿದ ಎಣ್ಣೆನೀರಿನ ವಿಲೇವಾರಿ, ಇವೆಲ್ಲವೂ ನಿಜವಾದ ತೊಂದರೆಗಳೇ. ಆದರೆ ಅವು ಕಾಣುತ್ತವೆ, ವಾಸನೆ ಬರುತ್ತವೆ, ಜನ ದೂರು ಕೊಡುತ್ತಾರೆ. ಹಾಗಾಗಿ ತಡವಾಗಿಯಾದರೂ ಸರಿಹೋಗುತ್ತವೆ.

ತಮ್ಮ ಸಮೀಪದಲ್ಲಿ ಟರ್ಮಿನಲ್ ಬರಲಿದೆ ಎಂದು ಕೆಲವರು ನನ್ನನ್ನು ಸಲಹೆ ಕೇಳಿದ್ದುಂಟು. ಸುರಕ್ಷಿತವೇ ಎಂದು ಕೇಳಬೇಡಿ, ಆ ಪ್ರಶ್ನೆಗೆ ಹೌದು ಎಂಬ ಉತ್ತರ ಸದಾ ಸಿದ್ಧವಿರುತ್ತದೆ ಎಂದು ನಾನು ಹೇಳುತ್ತೇನೆ. ಕೇಳಬೇಕಾದದ್ದು, ಬೆಂಕಿ ಆರಿಸಿದ ನೀರು ಎಲ್ಲಿ ಹೋಗಿ ನಿಲ್ಲುತ್ತದೆ, ಆ ಜಾಗ ಎಷ್ಟು ಗಂಟೆಯ ನೀರನ್ನು ಹಿಡಿಯುತ್ತದೆ, ನೊರೆದ್ರವದ ಡ್ರಮ್ಮಿನಲ್ಲಿ ಏನಿದೆ, ಟ್ಯಾಂಕಿನ ತಳದ ಕೆಳಗೆ ಏನು ಹಾಸಿದ್ದಾರೆ, ವೀಕ್ಷಣಾ ಬಾವಿಗಳು ಟರ್ಮಿನಲ್‌ಗೂ ಮನೆಗಳಿಗೂ ನಡುವೆ ಇವೆಯೋ ಅಥವಾ ಕೊರೆಯಲು ಅನುಕೂಲವಾದ ಗೇಟಿನ ಪಕ್ಕದಲ್ಲಿ ಇವೆಯೋ ಎಂಬುದನ್ನು. ಅದಕ್ಕಿಂತ ಮೊದಲು, ಮೊದಲ ಹನಿ ಇಂಧನ ಟ್ಯಾಂಕಿಗೆ ಇಳಿಯುವ ಮುನ್ನವೇ ಸುತ್ತಲಿನ ಪ್ರತಿಯೊಂದು ಬಾವಿಯ ನೀರನ್ನೂ ಪರೀಕ್ಷೆ ಮಾಡಿಸಿ ಆ ವರದಿಯನ್ನು ತಮ್ಮ ಬಳಿಯೂ ಇಟ್ಟುಕೊಳ್ಳಬೇಕು. ಕೆಲವೇ ದಿನಗಳ ಕೆಲಸ ಅದು, ಆದರೆ ಆ ದಿನಗಳು ಕಳೆದವೆಂದರೆ ಮತ್ತೆ ಬರುವುದಿಲ್ಲ.

ನಾನು ಡೀಸೆಲ್ ಎತ್ತಿದ ಬಾವಿಯ ವಿಷಯದಲ್ಲಿ ಅಂಥ ಹಳೆಯ ಮಾದರಿ ಇರಲಿಲ್ಲ. ಟರ್ಮಿನಲ್ ಅಷ್ಟರಲ್ಲಿ ಒಮ್ಮೆ ಕೈ ಬದಲಾಗಿತ್ತು. ಸೋರಿಕೆ ಹಿಂದಿನವರ ಕಾಲದ್ದೆಂದು ಈಗಿನವರು, ತಾವು ಬಿಟ್ಟುಹೋದಾಗ ನೆಲ ಸ್ವಚ್ಛವಾಗಿತ್ತೆಂದು ಹಿಂದಿನವರು ವಾದಿಸುತ್ತಿದ್ದರು, ಮತ್ತು ಇಬ್ಬರ ಮಾತನ್ನೂ ಅಲ್ಲಗಳೆಯಲು ನಮ್ಮ ಬಳಿ ಒಂದು ಅಂಕಿಯೂ ಇರಲಿಲ್ಲ. ನಾನು ಆ ಕೆಲಸ ಬಿಡುವ ಹೊತ್ತಿಗೂ ವಾದ ಮುಗಿದಿರಲಿಲ್ಲ. ಬೇಲಿಯ ಆಚೆ ಒಂದು ಸಣ್ಣ ಪಂಪ್ ಮಾತ್ರ ಅಂತರ್ಜಲದ ಮೇಲಿನಿಂದ ಡೀಸೆಲನ್ನು ಎತ್ತಿ ಎತ್ತಿ ಡ್ರಮ್ಮಿಗೆ ತುಂಬುತ್ತಿತ್ತು.